ಬಿಡದ ಬೆನ್ನು ನೋವಿನಲ್ಲಿ ಮೆದುಳಿನ ಪಾಲು

ದಿನವಿಡೀ ಗಲ್ಲಾದಲ್ಲಿ ಕೂರುವ ಮಾಲಕರಿಗೆ, ಕಾವಲಿಯ ಮುಂದೆ ನಿಂತೇ ಇರುವ ಭಟ್ಟರಿಗೆ, ಹಿಟ್ಟಿನ ಪಾತ್ರೆ ಎತ್ತಿ ಇಳಿಸುವ ಹುಡುಗರಿಗೆ ಸೊಂಟ ನೋವು, ಕುತ್ತಿಗೆ ನೋವು ಹೊಸದೇನಲ್ಲ. ನಾಲ್ಕು ದಿನ ಕಾಡಿ ಹೋಗುವ ನೋವಿನ ಬಗ್ಗೆ ಹೆಚ್ಚು ಚಿಂತೆ ಬೇಕಿಲ್ಲ. ಮೂರು ತಿಂಗಳು ದಾಟಿದರೂ ಬಿಡದ ನೋವನ್ನು ಮಾತ್ರ ವೈದ್ಯರು ದೀರ್ಘಕಾಲದ ನೋವು ಎಂದು ಪ್ರತ್ಯೇಕವಾಗಿ ಪರಿಗಣಿಸುತ್ತಾರೆ. ಇಂಥ ನೋವಿನಲ್ಲಿ ಮೆದುಳಿಗೂ ಮಾನಸಿಕ ಒತ್ತಡಕ್ಕೂ ದೊಡ್ಡ ಪಾಲಿರುತ್ತದೆ. ಇದು ತಿಳಿಯದೆ ನಮಗೆ ನೋವು ಬಂದರೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುತ್ತೇವೆ. ಕೆಲಸದವರಿಗೆ ಬಂದರೆ ‘ನಾಟಕ’ ಎನ್ನುತ್ತೇವೆ.

ಮಧ್ಯಾಹ್ನದ ಊಟದ ರಶ್ಶಿನಲ್ಲಿ ಭಟ್ಟರ ಕೈಗೆ ಬಿಸಿ ಎಣ್ಣೆ ಸಿಡಿದರೂ ಗೊತ್ತಾಗುವುದಿಲ್ಲ. ಮೂರು ಗಂಟೆಗೆ ಗಿರಾಕಿ ಕಡಿಮೆಯಾದ ಮೇಲೆ ಉರಿ ಶುರುವಾಗುತ್ತದೆ. ಗಾಯ ಅದೇ, ಕೈಯೂ ಅದೇ. ಯಾವ ಸುದ್ದಿಗೆ ಎಷ್ಟು ಮಹತ್ವ ಕೊಡಬೇಕೆಂದು ನಿರ್ಧರಿಸುವುದು ಮೆದುಳು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದನ್ನು ಬಾಗಿಲಿಗೆ ಹೋಲಿಸಿದರು. ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಿ ಮೇಲೆ ಹೋಗಬೇಕು. ಆ ಬಾಗಿಲನ್ನು ತೆರೆಯುವ, ಮುಚ್ಚುವ ಶಕ್ತಿ ಮೆದುಳಿಗೂ ಇದೆ ಎಂಬುದು ಅವರ ವಾದ. ವಿವರಗಳಲ್ಲಿ ತಿದ್ದುಪಡಿಯಾದರೂ ಮೂಲ ವಿಚಾರ ಉಳಿದುಕೊಂಡಿದೆ.

ಒಗ್ಗರಣೆಗೂ ಕೂಗುವ ಅಲಾರಂ

ಅಡುಗೆಮನೆಯ ಹೊಗೆ ಅಲಾರಂ ಬೆಂಕಿ ಬಿದ್ದಾಗ ಕೂಗಬೇಕು. ಅದು ಕೆಟ್ಟು, ಪ್ರತಿ ಒಗ್ಗರಣೆಗೂ ಕೂಗತೊಡಗಿದರೆ? ಶಬ್ದ ನಿಜ, ಬೆಂಕಿ ಮಾತ್ರ ಇಲ್ಲ. ನೋವು ಬಹುಕಾಲ ಉಳಿದಾಗ ನರಮಂಡಲವೂ ಹೀಗೆ ಅತಿ ಸೂಕ್ಷ್ಮವಾಗುತ್ತದೆ. ಮೂಲ ಪೆಟ್ಟು ವಾಸಿಯಾದರೂ ಸಣ್ಣ ಬಗ್ಗುವಿಕೆಗೂ ನೋವು ಹುಟ್ಟುತ್ತದೆ.

ಒತ್ತಡ ಈ ಅಲಾರಂ ಅನ್ನು ಇನ್ನಷ್ಟು ಚುರುಕಾಗಿಸುತ್ತದೆ. ಬಾಡಿಗೆ, ಲೈಸೆನ್ಸ್ ನವೀಕರಣ, ಸಿಲಿಂಡರ್ ದರ, ಹೇಳದೆ ಊರಿಗೆ ಹೋದ ಕೆಲಸಗಾರ - ನಮಗೆ ಚಿಂತೆಗಳಿಗೆ ಬರವಿಲ್ಲ. ಚಿಂತೆಯಿಂದ ಸ್ನಾಯು ಬಿಗಿಯುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟ ದೇಹಕ್ಕೆ ಅದೇ ನೋವು ಹೆಚ್ಚಾಗಿ ಕಾಣುತ್ತದೆ. ‘ಡಿಸ್ಕ್ ಹೋಯಿತು, ಇನ್ನು ನನ್ನ ಕತೆ ಮುಗಿಯಿತು’ ಎಂಬ ಹೆದರಿಕೆ ಸೇರಿದರೆ ಓಡಾಟ ನಿಲ್ಲುತ್ತದೆ, ನೋವು ಬೆಳೆಯುತ್ತದೆ.

ಸಂಶೋಧನೆ ಹೇಳುವುದೇನು?

2015ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಬೆನ್ನು ನೋವೇ ಇಲ್ಲದ 3,110 ಮಂದಿಯ ಸ್ಕ್ಯಾನ್ ವರದಿಗಳನ್ನು ಪರಿಶೀಲಿಸಿತು. 50ರ ವಯಸ್ಸಿನವರಲ್ಲಿ ಶೇ. 80ರಷ್ಟು ಮಂದಿಗೆ ಡಿಸ್ಕ್ ಸವೆತ, ಶೇ. 60ರಷ್ಟು ಮಂದಿಗೆ ಡಿಸ್ಕ್ ಉಬ್ಬು ಕಂಡುಬಂತು. ಆದ್ದರಿಂದ ರಿಪೋರ್ಟಿನಲ್ಲಿ ‘ಸವೆತ’ ಎಂದು ಬರೆದಿದ್ದರೆ ಗಾಬರಿ ಬೇಡ. ಅದು ತಲೆಗೂದಲು ನರೆತಂತೆ ವಯಸ್ಸಿನ ಗುರುತೂ ಆಗಿರಬಹುದು.

ಮಾಲಕರಾಗಿ ನಾವು ಗಮನಿಸಬೇಕಾದ ಅಧ್ಯಯನ ಇನ್ನೊಂದಿದೆ. ಅಮೆರಿಕದ ಬೋಯಿಂಗ್ ವಿಮಾನ ಕಾರ್ಖಾನೆಯ 3,020 ನೌಕರರನ್ನು ಸುಮಾರು ನಾಲ್ಕು ವರ್ಷ ಗಮನಿಸಿ 1991ರಲ್ಲಿ ಪ್ರಕಟಿಸಿದ ವರದಿಯಂತೆ, ಕೆಲಸ ಇಷ್ಟವೇ ಇಲ್ಲ ಎಂದವರು ಬೆನ್ನಿನ ತೊಂದರೆ ಹೇಳಿಕೊಂಡ ಪ್ರಮಾಣ, ಕೆಲಸ ಇಷ್ಟವೆಂದವರಿಗಿಂತ ಎರಡೂವರೆ ಪಟ್ಟು ಹೆಚ್ಚು. ಅವರು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಬೈಗುಳ, ರಜೆಯಿಲ್ಲದ ದುಡಿಮೆ, ಹೊತ್ತಿಗೆ ಬಾರದ ಸಂಬಳ ಇವೂ ಮೈಯ ನೋವಾಗಿ ಕಾಣಿಸಿಕೊಳ್ಳಬಹುದು.

ಸಂತೋಷದ ಸಂಗತಿಯೆಂದರೆ, ಅತಿ ಸೂಕ್ಷ್ಮವಾದ ಮೆದುಳನ್ನು ಮತ್ತೆ ಪಳಗಿಸಬಹುದು. ಅಮೆರಿಕದ ಕೊಲರಾಡೋದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೆನ್ನು ನೋವಿನ ರೋಗಿಗಳಿಗೆ ‘ಈ ನೋವು ಅಪಾಯದ ಸೂಚನೆಯಲ್ಲ’ ಎಂದು ಮನದಟ್ಟು ಮಾಡುವ ಚಿಕಿತ್ಸೆಯನ್ನು ನಾಲ್ಕು ವಾರ ನೀಡಲಾಯಿತು. ಅವರಲ್ಲಿ ಶೇ. 66 ಮಂದಿಯ ನೋವು ಪೂರ್ತಿ ಅಥವಾ ಬಹುತೇಕ ಹೋಯಿತು. ಎಂದಿನ ಚಿಕಿತ್ಸೆ ಮುಂದುವರಿಸಿದವರಲ್ಲಿ ಹಾಗಾದದ್ದು ಶೇ. 10 ಮಂದಿಗೆ ಮಾತ್ರ.

ನಾವು ಮಾಡಬಹುದಾದದ್ದು

ಮೊದಲು ವೈದ್ಯರನ್ನು ಕಾಣಿ. ಕಾಲಿನ ಬಲ ಕುಗ್ಗಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದು ಪೆಟ್ಟಾಗಿದ್ದರೆ ತಡ ಮಾಡಬಾರದು. ಎದೆ ಅಥವಾ ಎಡಗೈ ನೋವನ್ನು ಒತ್ತಡವೆಂದು ತಳ್ಳಿಹಾಕಲೇಬಾರದು. ಅಂಥ ಅಪಾಯವಿಲ್ಲವೆಂದು ವೈದ್ಯರು ಹೇಳಿದ ಮೇಲೆ ಹಾಸಿಗೆ ಹಿಡಿಯದೆ ನಡೆಯಿರಿ. ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿ. ವೈದ್ಯರ ಸಲಹೆಯಿಲ್ಲದೆ ದಿನವೂ ನೋವಿನ ಮಾತ್ರೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಕೇಡು. ರಾತ್ರಿ ಶಟರ್ ಎಳೆದ ಮೇಲೆ ಲೆಕ್ಕದ ಪುಸ್ತಕವನ್ನು ಹಾಸಿಗೆಗೆ ಒಯ್ಯಬೇಡಿ.

ಕೆಲಸದವರ ವಿಷಯದಲ್ಲೂ ಇಷ್ಟು ಮಾಡೋಣ: ಭಾರದ ಪಾತ್ರೆಗೆ ಇಬ್ಬರು ಕೈ ಹಾಕಲಿ, ವಾರದ ರಜೆ ತಪ್ಪದಿರಲಿ. ಭಟ್ಟರು ‘ಸೊಂಟ ಹಿಡಿದಿದೆ’ ಎಂದಾಗ ಅವರ ಮಾತನ್ನು ನಂಬಿ, ಕೂರಿಸಿ, ಒಂದು ಲೋಟ ಚಹಾ ಕೊಟ್ಟು ಏನಾಯಿತೆಂದು ಕೇಳೋಣ. ಚಿಕಿತ್ಸೆ ಎಷ್ಟೋ ಸಲ ಅಲ್ಲಿಂದಲೇ ಆರಂಭವಾಗುತ್ತದೆ.