ಬಿಲ್ಲಿನಲ್ಲಿ ಹೊಸ ಫಿಲ್ಟರ್, ಎಂಜಿನ್‌ನಲ್ಲಿ ಹಳೇದು

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ಹದಿನಾಲ್ಕು ತಿಂಗಳು ನಾನು ಬೆಂಗಳೂರಿನಲ್ಲಿ ಊಟದ ಡೆಲಿವರಿ ಮಾಡಿದೆ. ಬೈಕು ಸೆಕೆಂಡ್ ಹ್ಯಾಂಡ್ ಪಲ್ಸರ್ 150. ಹತ್ತನೇ ತಿಂಗಳಿಗೆ ಎಂಜಿನ್ ಹೆಡ್ ಕಡೆಯಿಂದ ಕಟಕಟ ಅಂತ ಸದ್ದು, ಸೈಲೆನ್ಸರ್‌ನಿಂದ ನೀಲಿ ಹೊಗೆ ಶುರುವಾಯ್ತು. ನಮ್ಮ ಏರಿಯಾದ ಮೆಕ್ಯಾನಿಕ್ ಅಣ್ಣ ಬಲಗಡೆಯ ಸಣ್ಣ ಕವರ್ ಬಿಚ್ಚಿ, ಒಳಗಿದ್ದ ಫಿಲ್ಟರ್ ಎಳೆದು ನನ್ನ ಅಂಗೈ ಮೇಲಿಟ್ಟರು. ಡಾಂಬರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಪೇಪರಿನ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ‘ಇದನ್ನ ಬದಲಾಯಿಸಿ ವರ್ಷದ ಮೇಲಾಗಿದೆ ಕಣಪ್ಪಾ’ ಅಂದರು.

ನನ್ನ ಹತ್ತಿರ ಬೇರೆ ಕಡೆ ಮಾಡಿಸಿದ್ದ ಮೂರು ಸರ್ವಿಸ್ ಬಿಲ್ಲುಗಳಿದ್ದವು. ಮೂರರಲ್ಲೂ ‘ಆಯಿಲ್ ಫಿಲ್ಟರ್’ ಅಂತ ಒಂದು ಸಾಲು, ಮುಂದೆ ನೂರು ರೂಪಾಯಿಯೊಳಗಿನ ಮೊತ್ತ. ಅಷ್ಟು ಸಣ್ಣ ಸಾಲನ್ನು ಯಾರು ಪ್ರಶ್ನೆ ಮಾಡ್ತಾರೆ? ಬೋರ್ ಕೆಲಸ, ಪಿಸ್ಟನ್, ಲೇಬರ್ ಎಲ್ಲ ಸೇರಿ 11,000 ರೂಪಾಯಿ ಆಯ್ತು. ಬೈಕ್ ಐದು ದಿನ ಗ್ಯಾರೇಜಿನಲ್ಲಿತ್ತು, ಅಂದರೆ ಐದು ದಿನ ದುಡಿಮೆಯೂ ಇಲ್ಲ. ಫಿಲ್ಟರ್ ಒಂದೇ ಇದಕ್ಕೆಲ್ಲ ಕಾರಣ ಅಂತ ಅಣ್ಣನೂ ಹೇಳಲಿಲ್ಲ, ಹಳೇ ಬೈಕು ಅದು. ಆದರೆ ಅಷ್ಟು ತಿಂಗಳು ಸೋಸದ ಎಣ್ಣೆ ಒಳಗೆ ಓಡಾಡಿದ್ದಂತೂ ನಿಜ.

ಆ ಐದು ದಿನ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಕಲಿತದ್ದನ್ನೂ, ಆಮೇಲೆ ನಾನೇ ಕೈ ಕೊಳಕು ಮಾಡಿಕೊಂಡು ತಿಳಿದದ್ದನ್ನೂ ಇಲ್ಲಿ ಬರೀತಿದ್ದೇನೆ.

ಮೊದಲು ಫಿಲ್ಟರ್ ಏನು ಮಾಡುತ್ತೆ ನೋಡೋಣ. ಕಾರಿನಲ್ಲಿ ಗೇರ್‌ಬಾಕ್ಸ್‌ಗೆ ಬೇರೆ ಎಣ್ಣೆ, ಎಂಜಿನ್‌ಗೆ ಬೇರೆ ಎಣ್ಣೆ. ನಮ್ಮ ಹೆಚ್ಚಿನ ಗೇರ್ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಹಾಗಾಗಿ ಪೆಟ್ರೋಲ್ ಉರಿದು ಹುಟ್ಟುವ ಮಸಿ, ಗೇರ್ ಹಲ್ಲುಗಳು ತಿಕ್ಕಾಡಿ ಉದುರುವ ಲೋಹದ ಪುಡಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಹಾಫ್ ಕ್ಲಚ್‌ನಲ್ಲಿ ತೆವಳುವಾಗ ಸವೆಯುವ ಕ್ಲಚ್ ಪ್ಲೇಟಿನ ಪುಡಿ, ಎಲ್ಲವೂ ಆ ಒಂದು ಲೀಟರ್ ಆಸುಪಾಸಿನ ಎಣ್ಣೆಗೇ ಸೇರುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವ ಬೈಕಿನ ಎಣ್ಣೆ, ಹೈವೇಯಲ್ಲಿ ಅಷ್ಟೇ ಕಿಲೋಮೀಟರ್ ಓಡಿದ ಬೈಕಿನ ಎಣ್ಣೆಗಿಂತ ಬೇಗ ಕೊಳಕಾಗುವುದು ಇದಕ್ಕೇ. ಪಂಪು ಈ ಎಣ್ಣೆಯನ್ನು ಫಿಲ್ಟರ್ ಮೂಲಕ ದೂಡಿ, ಅಲ್ಲಿಂದ ಕ್ರ್ಯಾಂಕ್ ಮತ್ತು ಕ್ಯಾಮ್‌ಗೆ ಕಳಿಸುತ್ತೆ. ಕೂದಲೆಳೆಗಿಂತ ಸಣ್ಣ ಕಣಗಳನ್ನೂ ಹಿಡಿಯುವಂಥ ಮಡಿಚಿದ ಪೇಪರ್ ಅದು.

ಪೇಪರ್ ಪೂರ್ತಿ ಕಟ್ಟಿಕೊಂಡರೆ? ಎಂಜಿನ್ ತಕ್ಷಣ ನಿಲ್ಲೋದಿಲ್ಲ. ಬೈಪಾಸ್ ವಾಲ್ವ್ ಅಂತ ಒಂದು ಸ್ಪ್ರಿಂಗ್ ಬಾಗಿಲು ಇರುತ್ತೆ. ಕೆಲವು ಬೈಕುಗಳಲ್ಲಿ ಅದು ಫಿಲ್ಟರ್‌ನಲ್ಲೇ ಇದ್ದರೆ, ಕೆಲವದರಲ್ಲಿ ಎಂಜಿನ್‌ನಲ್ಲಿ. ಒತ್ತಡ ಹೆಚ್ಚಾದಾಗ ಅದು ತೆರೆದು, ಎಣ್ಣೆಯನ್ನು ಸೋಸದೆ ಹಾಗೇ ಬಿಡುತ್ತೆ. ಎಣ್ಣೆಯೇ ಸಿಗದೆ ಎಂಜಿನ್ ಹಿಡಿದುಕೊಳ್ಳೋದಕ್ಕಿಂತ ಕೊಳಕು ಎಣ್ಣೆ ಸಿಗುವುದು ವಾಸಿ ಅನ್ನುವ ಲೆಕ್ಕ ಅದು. ಸವಾರನಿಗೆ ಮಾತ್ರ ಏನೂ ಗೊತ್ತಾಗೋದಿಲ್ಲ. ನಮ್ಮ ಬಹಳಷ್ಟು ಕಮ್ಯೂಟರ್ ಬೈಕುಗಳಲ್ಲಿ ಆಯಿಲ್ ಪ್ರೆಶರ್ ಲೈಟೇ ಇಲ್ಲ. ಮೊದಲ ಸೂಚನೆ ಅಂತ ಬರೋದು ಆ ಕಟಕಟ ಸದ್ದು, ಅಷ್ಟರಲ್ಲಿ ತಡವಾಗಿರುತ್ತೆ.

ನಿಮ್ಮ ಬೈಕಿನಲ್ಲಿ ಯಾವ ಫಿಲ್ಟರ್ ಇದೆ?

ಇದು ತಮಾಷೆಯ ಪ್ರಶ್ನೆಯಲ್ಲ. ಸ್ಪ್ಲೆಂಡರ್ ಪ್ಲಸ್‌ನ 97.2 ಸಿಸಿ ಎಂಜಿನ್‌ನಲ್ಲಿ ಬದಲಿಸುವಂಥ ಪೇಪರ್ ಫಿಲ್ಟರ್ ಇಲ್ಲ. ಒಂದು ತಂತಿ ಜಾಲರಿ ಇದೆ, ಜೊತೆಗೆ ಕ್ರ್ಯಾಂಕಿನ ಜೊತೆಯೇ ತಿರುಗುತ್ತಾ ಭಾರದ ಕಸವನ್ನು ಅಂಚಿಗೆ ಎಸೆದು ಹಿಡಿದಿಟ್ಟುಕೊಳ್ಳುವ ಒಂದು ಬಟ್ಟಲು ಇದೆ. ಎರಡನ್ನೂ ಬಿಚ್ಚಿ ತೊಳೆದು ಮತ್ತೆ ಹಾಕೋದು ಅಷ್ಟೇ. ಅಂಥ ಬೈಕಿನ ಬಿಲ್ಲಿನಲ್ಲಿ ‘ಆಯಿಲ್ ಫಿಲ್ಟರ್ 1’ ಅಂತ ಬಂದಿದ್ದರೆ, ಅದು ಯಾವುದು ತೋರಿಸಿ ಸ್ವಾಮಿ ಅಂತ ಕೇಳಲೇಬೇಕು.

ಪಲ್ಸರ್ 150, ಯಮಹಾ ಎಫ್‌ಝಡ್, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಕೆಟಿಎಂ ಡ್ಯೂಕ್ 390, ಇವುಗಳಲ್ಲಿ ಇರೋದು ಕಾರ್ಟ್ರಿಜ್. ಎಂಜಿನ್ ಕವರ್ ಒಳಗಿನ ಗೂಡಿನಲ್ಲಿ ಕೂರುವ, ಮೇಲೆ ಡಬ್ಬಿ ಇಲ್ಲದ ಬರೀ ಪೇಪರ್ ಸಿಲಿಂಡರ್. ರಾಯಲ್ ಎನ್‌ಫೀಲ್ಡ್‌ನ 650 ಟ್ವಿನ್‌ಗಳಲ್ಲಿ ಕಾರಿನ ಹಾಗೆ ಹೊರಗಿನಿಂದ ತಿರುಗಿಸಿ ಕೂರಿಸುವ ಸ್ಪಿನ್-ಆನ್ ಡಬ್ಬಿ. ಅಂಗಡಿಗೆ ಹೋಗುವ ಮುಂಚೆ ಓನರ್ಸ್ ಮ್ಯಾನ್ಯುಯಲ್ ತೆರೆಯಿರಿ, ಕಂಪನಿಯ ಪಾರ್ಟ್ ನಂಬರ್ ಬರೆದುಕೊಳ್ಳಿ. ‘ಪಲ್ಸರ್ ಫಿಲ್ಟರ್ ಕೊಡಿ’ ಅಂದರೆ ಸಾಲದು. ಒಂದೇ ಹೆಸರಿನ ಬೈಕಿನಲ್ಲೂ ಮಾಡೆಲ್ ವರ್ಷ ಬದಲಾದಂತೆ ಎಂಜಿನ್ ಬದಲಾಗಿರಬಹುದು. ಹೆಚ್ಚುಕಮ್ಮಿ ಅದೇ ಗಾತ್ರದ ಬೇರೆ ಫಿಲ್ಟರ್ ಗೂಡಿನಲ್ಲಿ ಕೂತುಬಿಡುತ್ತೆ, ಆದರೆ ಎರಡು ಮಿಲಿಮೀಟರ್ ಸಂದಿ ಉಳಿದರೂ ಎಣ್ಣೆ ಪೇಪರ್ ಬಿಟ್ಟು ಆ ಸಂದಿಯಲ್ಲೇ ಹರಿಯುತ್ತೆ.

ಒರಿಜಿನಲ್ಲೋ, ಬೇರೆ ಬ್ರ್ಯಾಂಡೋ? ಜೆ.ಸಿ. ರೋಡಿನ ಸ್ಪೇರ್ಸ್ ಅಂಗಡಿಗಳಲ್ಲಿ ಒಂದೇ ಬೈಕಿಗೆ ಮೂರ್ನಾಲ್ಕು ಥರದ ಫಿಲ್ಟರ್ ಮುಂದಿಡ್ತಾರೆ. ಹೆಸರಾಂತ ಫಿಲ್ಟರ್ ಕಂಪನಿಗಳು ಮಾಡಿದ್ದು ಬೈಕ್ ಕಂಪನಿಯ ಪೊಟ್ಟಣದಲ್ಲಿ ಇಲ್ಲ ಅನ್ನೋ ಕಾರಣಕ್ಕೆ ಕಳಪೆಯೇನಲ್ಲ. ನನ್ನ ತಕರಾರು ಇರೋದು ಹೆಸರೇ ಇಲ್ಲದವುಗಳ ಮೇಲೆ ಮತ್ತು ಒರಿಜಿನಲ್‌ನ ವೇಷ ಹಾಕಿದವುಗಳ ಮೇಲೆ. ಕೈಯಲ್ಲಿ ಹಿಡಿದು ನೋಡಿ. ಮಡಿಕೆಗಳು ಸಮವಾಗಿ ಹರಡಿರಬೇಕು, ಪೇಪರಿನ ಎರಡು ತುದಿ ಸೇರುವಲ್ಲಿ ಅಂಟು ಬಿಟ್ಟಿರಬಾರದು, ನಡುವಿನ ಕೊಳವೆ ಒತ್ತಿದರೆ ನಲುಗಬಾರದು. ಪೊಟ್ಟಣದ ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ, ತಯಾರಿಸಿದ ತಿಂಗಳು ಸ್ಪಷ್ಟವಾಗಿ ಇರಬೇಕು. ಮೂವತ್ತು ರೂಪಾಯಿ ಉಳಿಸಲು ಹೋಗಿ ಇಲ್ಲಿ ಮೋಸ ಹೋಗಬೇಡಿ.

ಇನ್ನು ‘ಕಂಪನಿ ಸರ್ವಿಸ್ ಮಾಡಿಸದಿದ್ದರೆ ವಾರಂಟಿ ಹೋಗುತ್ತೆ’ ಅನ್ನುವ ಹೆದರಿಕೆ. ಈ ಮಾತಿಗೆ ಒಂದು ಇತಿಹಾಸ ಇದೆ. ಆಗಸ್ಟ್ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ ಮತ್ತು ರಿಪೇರಿ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿ ಗ್ರಾಹಕರನ್ನು ಕಟ್ಟಿಹಾಕಿದ್ದಾರೆ ಅನ್ನುವುದು ಆರೋಪ. ಹೊರಗಡೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಅನ್ನುವ ಸಾರಾಸಗಟು ಷರತ್ತು ಹಾಕಬೇಡಿ ಅಂತಲೂ ಅದೇ ಆದೇಶದಲ್ಲಿ ಹೇಳಿತು. ಅದು ಕಾರುಗಳ ಪ್ರಕರಣ, ಕಂಪನಿಗಳು ಕೋರ್ಟಿಗೂ ಹೋದವು. ಹಾಗಾಗಿ ಅದನ್ನು ಹಿಡಿದು ಬೈಕ್ ಶೋರೂಮಿನಲ್ಲಿ ಜಗಳಕ್ಕೆ ನಿಲ್ಲಿ ಅಂತ ನಾನು ಹೇಳಲಾರೆ. ವಾರಂಟಿ ಅವಧಿಯಲ್ಲಿ ಇದ್ದರೆ ವಾರಂಟಿ ಪುಸ್ತಕದ ಷರತ್ತು ಓದಿ, ಎಲ್ಲ ಬಿಲ್ ಇಟ್ಟುಕೊಳ್ಳಿ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿದಾಗ ಮೊಬೈಲ್, ಕೃಷಿ ಉಪಕರಣಗಳ ಜೊತೆ ವಾಹನಗಳನ್ನೂ ಪಟ್ಟಿಗೆ ಸೇರಿಸಿತ್ತು. ಆದರೆ ಪೋರ್ಟಲ್ ಒಂದನ್ನು ಬಿಟ್ಟರೆ ಬೈಕ್ ಓಡಿಸುವವನ ಕೈಗೆ ಅದರಿಂದ ಬಂದದ್ದು ಕಡಿಮೆ ಅನ್ನೋದು ನನ್ನ ಅನಿಸಿಕೆ.

ನೀವೇ ಬದಲಿಸುವುದು

ಕಷ್ಟದ ಕೆಲಸ ಏನಲ್ಲ, ಅರ್ಧ ಗಂಟೆ ಸಾಕು. ಎಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿ. ಬೆಚ್ಚಗಿನ ಎಣ್ಣೆ ಪೂರ್ತಿ ಇಳಿಯುತ್ತೆ, ಆದರೆ ಕೈ ಸುಡುವಷ್ಟು ಬಿಸಿ ಬೇಡ. ಬೈಕ್ ನೆಟ್ಟಗೆ ನಿಲ್ಲಿಸಿ, ಕೆಳಗೆ ಅಗಲದ ಟ್ರೇ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಎಣ್ಣೆ ಇಳಿಯುವ ಹೊತ್ತಿಗೆ ಫಿಲ್ಟರ್ ಕವರ್ ತೆಗೆಯಿರಿ. ಒಳಗೆ ಉಳಿದ ಎಣ್ಣೆ ಸೈಲೆನ್ಸರ್ ಮೇಲೆ ಸುರಿಯದ ಹಾಗೆ ಬಟ್ಟೆ ಹಿಡಿಯಿರಿ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಒಂದಿದೆ. ಹಳೇ ಫಿಲ್ಟರ್ ಎಳೆಯುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅನೇಕ ಕಾರ್ಟ್ರಿಜ್‌ಗಳಿಗೆ ಒಳಮುಖ, ಹೊರಮುಖ ಅಂತ ಇರುತ್ತೆ, ಕೆಲವದರ ಹಿಂದೋ ಮುಂದೋ ಒಂದು ಸ್ಪ್ರಿಂಗ್ ಇರುತ್ತೆ. ತಿರುಗಿಸಿ ಹಾಕಿದರೆ ಎಣ್ಣೆಯ ದಾರಿಯೇ ಮುಚ್ಚಿಹೋಗಬಹುದು. ಆಗ ಎಂಜಿನ್ ಕೆಡೋದಕ್ಕೆ ತಿಂಗಳುಗಳೇನೂ ಬೇಕಾಗಿಲ್ಲ.

ಓ-ರಿಂಗ್ ಹೊಸದು ಹಾಕಿ. ಹಳೇದು ಗೂಡಿನ ಅಂಚಿಗೆ ಅಂಟಿಕೊಂಡಿರಬಹುದು, ಅದನ್ನು ನೋಡದೆ ಮೇಲೊಂದು ಹಾಕಿದರೆ ಸೋರೋದು ಖಂಡಿತ. ಹೊಸದಕ್ಕೆ ಬೆರಳಿನಲ್ಲಿ ಸ್ವಲ್ಪ ಎಣ್ಣೆ ಸವರಿ ಕೂರಿಸಿ. ಕವರ್‌ನ ಬೋಲ್ಟ್‌ಗಳು ಸಣ್ಣವು, ಕೂರೋದು ಅಲ್ಯೂಮಿನಿಯಂ ಥ್ರೆಡ್‌ನಲ್ಲಿ. ಉದ್ದ ಸ್ಪ್ಯಾನರ್ ಹಾಕಿ ಶಕ್ತಿ ಪ್ರದರ್ಶನ ಮಾಡಿದರೆ ಥ್ರೆಡ್ ಕಿತ್ತು ಬರುತ್ತೆ. ಹೀಗೆ ಒಂದು ಸಲ ನಾನೇ ಕಿತ್ತುಕೊಂಡಿದ್ದೇನೆ, ಲೇತ್ ಅಂಗಡಿಗೆ ಓಡಬೇಕಾಯ್ತು. ಸ್ಪಿನ್-ಆನ್ ಆದರೆ ರಬ್ಬರ್ ತಾಗುವವರೆಗೆ ಕೈಯಲ್ಲೇ ತಿರುಗಿಸಿ, ಆಮೇಲೆ ಎಷ್ಟು ಸುತ್ತು ಅಂತ ಡಬ್ಬಿಯ ಮೇಲೇ ಬರೆದಿರುತ್ತೆ, ಅಷ್ಟೇ.

ಎಣ್ಣೆ ಮ್ಯಾನ್ಯುಯಲ್ ಹೇಳಿದ ಗ್ರೇಡಿನದು ಇರಲಿ. ಗೇರ್ ಬೈಕಾದರೆ ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇರಬೇಕು. ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರುವ ಅಪಾಯ ಇದೆ. ತುಂಬಿಸಿ, ಎರಡು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಲೆವೆಲ್ ನೋಡಿ. ಹೊಸ ಪೇಪರ್ ಒಂದಿಷ್ಟು ಎಣ್ಣೆ ಕುಡಿದಿರುತ್ತೆ, ಬೇಕಾದರೆ ಮತ್ತೆ ಹಾಕಿ.

ಹಳೇ ಫಿಲ್ಟರ್ ಬಿಸಾಡುವ ಮುಂಚೆ ಪೇಪರ್ ಕತ್ತರಿಸಿ ಬೆಳಕಿಗೆ ಹಿಡಿಯಿರಿ. ಬೂದು ಬಣ್ಣದ ನುಣುಪಾದ ಪೇಸ್ಟ್ ಇದ್ದರೆ ಮಾಮೂಲು ಸವೆತ. ಕಣ್ಣಿಗೆ ಕಾಣುವ ಹೊಳೆಯುವ ಚೂರು ಇದ್ದರೆ ಒಂದು ಮ್ಯಾಗ್ನೆಟ್ ತನ್ನಿ. ಅಂಟಿದರೆ ಉಕ್ಕು, ಗೇರ್ ಕಡೆಯದಿರಬಹುದು. ಅಂಟದಿದ್ದರೆ ಅಲ್ಯೂಮಿನಿಯಂ, ಪಿಸ್ಟನ್ ಕಡೆ ಅನುಮಾನ. ಎರಡಾದರೂ ಬೈಕನ್ನು ಬೇಗ ಮೆಕ್ಯಾನಿಕ್‌ಗೆ ತೋರಿಸಿ. ಕೆಲವರು ಪೇಪರ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು, ಗಾಳಿ ಹೊಡೆದು ಮತ್ತೆ ಹಾಕ್ತಾರೆ. ಜಾಲರಿ ತೊಳೀಬಹುದು, ಪೇಪರ್ ತೊಳೀಬಾರದು. ಗಾಳಿಯ ಒತ್ತಡಕ್ಕೆ ಮಡಿಕೆ ಹರಿದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಎಷ್ಟು ದಿನಕ್ಕೊಮ್ಮೆ? ಮ್ಯಾನ್ಯುಯಲ್ ಹೇಳಿದ ಕಿಲೋಮೀಟರ್‌ಗೆ. ಆದರೆ ಆ ಲೆಕ್ಕ ಯಾರಿಗಾಗಿ ಬರೆದದ್ದು ಅನ್ನೋದೂ ಮುಖ್ಯ. 5,000 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಆಫೀಸಿಗೆ ಹೋಗಿಬರುವವರಿಗೆ ಅದು ಆರೇಳು ತಿಂಗಳು. ನಾನು ದಿನಕ್ಕೆ 100 ಕಿಲೋಮೀಟರ್, ತಿಂಗಳಿಗೆ 26 ದಿನ ಓಡಿಸ್ತಿದ್ದೆ. ನನಗೆ ಎರಡು ತಿಂಗಳೂ ತುಂಬುತ್ತಿರಲಿಲ್ಲ. ವರ್ಷಕ್ಕೆ ಆರು ಸಲ ಎಣ್ಣೆ, ಫಿಲ್ಟರ್. ಅದರ ಮೇಲೆ ಟೈರ್, ಚೈನ್, ಬ್ರೇಕ್. ಆಪ್ ತೋರಿಸುವ ‘ಇಂದಿನ ಗಳಿಕೆ’ಯಲ್ಲಿ ಇದ್ಯಾವುದೂ ಕಳೆದಿರೋದಿಲ್ಲ. 2025ರಲ್ಲಿ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ, ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳಿಂದ ಕಲ್ಯಾಣ ಶುಲ್ಕವಾಗಿ ಪಡೆಯುತ್ತೆ. ಸಂತೋಷ. ಬೈಕಿನ ಸವೆತದ ಖರ್ಚು ಮಾತ್ರ ಈಗಲೂ ಸವಾರನ ಜೇಬಿನದ್ದೇ. ಹಾಗಾಗಿ ಖರ್ಚು ಕಡಿತ ಶುರುವಾಗೋದೇ ಫಿಲ್ಟರಿನಿಂದ. ‘ಈ ಸಲ ಎಣ್ಣೆ ಅಷ್ಟೇ ಹಾಕಿಬಿಡಣ್ಣ’ ಅಂತ ನಾನೂ ಎಷ್ಟೋ ಸಲ ಹೇಳಿದ್ದುಂಟು.

ಸರ್ವಿಸ್‌ಗೆ ಕೊಡುವವರಿಗೆ ಮೆಕ್ಯಾನಿಕ್ ಅಣ್ಣ ಹೇಳಿಕೊಟ್ಟ ಒಂದು ಉಪಾಯ. ಬೈಕ್ ಬಿಡುವ ಮುಂಚೆ ಫಿಲ್ಟರ್ ಕವರ್‌ನ ಒಂದು ಬೋಲ್ಟ್ ಮತ್ತು ಕವರ್ ಎರಡಕ್ಕೂ ತಾಗುವ ಹಾಗೆ ನೈಲ್‌ಪಾಲಿಶ್‌ನಲ್ಲಿ ಸಣ್ಣ ಗೆರೆ ಎಳೆಯಿರಿ. ವಾಪಸ್ ಬಂದಾಗ ಗೆರೆ ಒಡೆಯದೆ ಹಾಗೇ ಇದ್ದರೆ ಕವರ್ ಬಿಚ್ಚಿಲ್ಲ ಅಂತ ಅರ್ಥ. ‘ಹಳೇ ಪಾರ್ಟ್ ವಾಪಸ್ ಕೊಡಿ’ ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಅದನ್ನು ಬರೆಸಿದ ಮೇಲೆ ನನ್ನ ಬೈಕಿನ ಫಿಲ್ಟರ್ ಒಮ್ಮೆಯೂ ತಪ್ಪಿಲ್ಲ.

ಕೊನೆಗೆ ಆ ಕಪ್ಪು ಎಣ್ಣೆ. ಮೋರಿಗೆ ಸುರಿಯಬೇಡಿ, ಸೈಟಿನ ಗೆದ್ದಲಿಗೆ ಅಂತ ಮಣ್ಣಿಗೂ ಹಾಕಬೇಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮಾರಿದ ಎಣ್ಣೆಯ ಒಂದು ಪಾಲನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ಏಪ್ರಿಲ್ 1, 2024ರಿಂದ ಎಣ್ಣೆ ತಯಾರಕರ ಮೇಲೆಯೇ ಹೊರಿಸಲಾಗಿದೆ. ನಮ್ಮ ಬೀದಿಯಲ್ಲಿ ಅದಕ್ಕೊಂದು ಡಬ್ಬ ಇಟ್ಟವರನ್ನು ನಾನಂತೂ ಇನ್ನೂ ನೋಡಿಲ್ಲ. ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ ಎಣ್ಣೆ ಇಳಿಸಿ, ಎಲ್ಲವನ್ನೂ ಹೊಸ ಎಣ್ಣೆ ಬಂದ ಡಬ್ಬಿಗೇ ತುಂಬಿ, ಬೆಳಿಗ್ಗೆ ಅಣ್ಣನ ಗ್ಯಾರೇಜಿನ ಮೂಲೆಯಲ್ಲಿರುವ ಡ್ರಮ್ಮಿಗೆ ಸುರಿದು ಬರ್ತೇನೆ. ಡ್ರಮ್ ತುಂಬಿದಾಗ ರೀಸೈಕಲ್‌ನವರು ಬಂದು ಲೀಟರ್ ಲೆಕ್ಕದಲ್ಲಿ ಕೊಂಡುಹೋಗ್ತಾರೆ. ಆ ದುಡ್ಡು ಗ್ಯಾರೇಜಿನ ಹುಡುಗರ ಟೀಗೆ.