ಕ್ಲಾರಿನೆಟ್ಟಿನ ಗಾಳಿ ಎಲ್ಲಿ ಸೋರುತ್ತದೆ?

ಹಳೆಯ ಕ್ಲಾರಿನೆಟ್ ಕೊಳ್ಳಲು ಹೋದವರು ಮೊದಲು ನೋಡುವುದು ಕೀಗಳ ಹೊಳಪನ್ನು. ಪರೀಕ್ಷಿಸಬೇಕಾದದ್ದು ಗಾಳಿಯನ್ನು. ಮೇಲಿನ ತುಂಡನ್ನು ಬಿಚ್ಚಿಕೊಂಡು, ಎಡಗೈ ಬೆರಳುಗಳಿಂದ ರಂಧ್ರಗಳನ್ನು ಮುಚ್ಚಿ, ಕೆಳತುದಿಗೆ ಬಲ ಅಂಗೈ ಒತ್ತಿ, ಮೇಲ್ತುದಿಗೆ ಬಾಯಿಟ್ಟು ಗಾಳಿ ಹೀರಿ. ಒಳಗಿನ ನಿರ್ವಾತ ಕೆಲವು ಸೆಕೆಂಡು ನಿಂತರೆ ಸರಿ. ಹೀರಿದಂತೆಯೇ ಗಾಳಿ ನುಗ್ಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಕೂದಲೆಳೆಯಷ್ಟು ಸೋರಿಕೆ ಯಾಕಿಷ್ಟು ದೊಡ್ಡ ವಿಷಯ? ಕ್ಲಾರಿನೆಟ್ ಸುಮಾರು 15 ಮಿಲಿಮೀಟರ್ ಒಳವ್ಯಾಸದ, ಬಹುಮಟ್ಟಿಗೆ ನೇರವಾದ ಕೊಳವೆ. ರೀಡ್ ಇರುವ ತುದಿ, ಧ್ವನಿಯ ಲೆಕ್ಕದಲ್ಲಿ, ಮುಚ್ಚಿದ ತುದಿ. ಇಂಥ ಕೊಳವೆಯಲ್ಲಿ ಅಲೆಯ ಕಾಲುಭಾಗವಷ್ಟೇ ಹಿಡಿಯುತ್ತದೆ. ಹಾಗಾಗಿ ಹೆಚ್ಚುಕಡಿಮೆ ಅಷ್ಟೇ ಉದ್ದದ ಪಾಶ್ಚಾತ್ಯ ಕೊಳಲಿನ ತಳಸ್ವರ 262 ಹರ್ಟ್ಸ್ ಇದ್ದರೆ, ಸಾಮಾನ್ಯ ಬಿ-ಫ್ಲ್ಯಾಟ್ ಕ್ಲಾರಿನೆಟ್ 147 ಹರ್ಟ್ಸ್‌ವರೆಗೆ ಇಳಿಯುತ್ತದೆ. ಇನ್ನೊಂದು ಪರಿಣಾಮವೂ ಇದೆ. ಶಂಕುವಿನಾಕಾರದ ಸ್ಯಾಕ್ಸೋಫೋನ್ ಮೇಲಕ್ಕೆ ಜಿಗಿದರೆ ಷಡ್ಜದಿಂದ ತಾರಷಡ್ಜಕ್ಕೆ ಹೋಗುತ್ತದೆ, ಕ್ಲಾರಿನೆಟ್ ಅದನ್ನೂ ದಾಟಿ ತಾರಸ್ಥಾಯಿಯ ಪಂಚಮಕ್ಕೆ ಹಾರುತ್ತದೆ. ನಡುವಿನ ಇಷ್ಟೊಂದು ಸ್ವರಗಳನ್ನು ತುಂಬಲು ಹತ್ತು ಬೆರಳು ಸಾಲವು. ಅದಕ್ಕೇ ಇಂದಿನ ಬೋಮ್ ಪದ್ಧತಿಯ ಕ್ಲಾರಿನೆಟ್ಟಿಗೆ 17 ಕೀಗಳು.

ಈ ಜಿಗಿತ ಮಾಡಿಸುವುದು ಹೆಬ್ಬೆರಳ ಬಳಿಯ ಒಂದು ಪುಟ್ಟ ರಂಧ್ರ. ಅದು ಬೇಕೆಂದೇ ಮಾಡಿಟ್ಟ ಸೋರಿಕೆ. ತೆರೆದ ಕೂಡಲೇ ತಳಸ್ವರ ಕುಸಿದು ಮೇಲಿನದು ಉಳಿಯುತ್ತದೆ. ರಂಧ್ರ ಮುಚ್ಚುವ ಕೀಯ ಸವೆದ ಪ್ಯಾಡಿನ ಅಂಚಿನಲ್ಲಿ ಗಾಳಿ ನುಸುಳಿದರೂ ಇದೇ ಆಗುತ್ತದೆ, ಆದರೆ ನುಡಿಸುವವರ ಹಿಡಿತದಲ್ಲಿ ಅಲ್ಲ. ಕಂಪನದ ಒತ್ತಡ ಹೆಚ್ಚಿರುವುದು ಮೌತ್‌ಪೀಸಿನ ಕಡೆ. ಆದ್ದರಿಂದ ಮೇಲಿನ ತುಂಡಿನ ಸಣ್ಣ ಸೋರಿಕೆಯೇ ಕೆಳಗಿನ ಸ್ವರಗಳನ್ನೆಲ್ಲ ಹಾಳುಗೆಡವುತ್ತದೆ. ಎಷ್ಟೋ ಮಕ್ಕಳು ತಮ್ಮ ಉಸಿರೇ ಸಾಲದೆಂದು ನೊಂದುಕೊಳ್ಳುತ್ತಾರೆ. ತಪ್ಪಿರುವುದು ಪ್ಯಾಡಿನಲ್ಲಿ ಎಂದು ಅವರಿಗೆ ಯಾರಾದರೂ ಹೇಳಬೇಕು.

ತುಳುನಾಡಿನಲ್ಲಿ ದೇವಾಡಿಗರು, ಸೇರಿಗಾರರು ತಲೆಮಾರುಗಳಿಂದ ನುಡಿಸಿದ ನಾಗಸ್ವರಕ್ಕೆ ಕೀ ಇಲ್ಲ, ಪ್ಯಾಡೂ ಇಲ್ಲ. ರಂಧ್ರ ಮುಚ್ಚುವುದು ಬೆರಳ ಮಾಂಸ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಕೀ, ಸ್ಪ್ರಿಂಗು, ಪ್ಯಾಡುಗಳ ಯಂತ್ರ ಇಲ್ಲಿ ಮನೆಮಾತಾದದ್ದು ಸ್ಯಾಕ್ಸೋಫೋನಿನಿಂದ. ಬಂಟ್ವಾಳದ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತರು, ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ತಮಿಳುನಾಡಿನಲ್ಲಿ ಕ್ಲಾರಿನೆಟ್ಟಿಗೆ ಎ.ಕೆ.ಸಿ. ನಟರಾಜನ್ ಇದ್ದಂತೆ ನಮ್ಮ ಕರಾವಳಿಯಲ್ಲಿ ಸ್ಯಾಕ್ಸೋಫೋನಿಗೆ ಕದ್ರಿ. ಇಂದು ಉಡುಪಿ, ಕಾರ್ಕಳದ ಮದುವೆ, ಉತ್ಸವಗಳಲ್ಲಿ ಅದರ ದನಿ ಪರಿಚಿತ. ಆದ್ದರಿಂದ ಕ್ಲಾರಿನೆಟ್ ರಿಪೇರಿಗೆ ಕೈ ಹುಡುಕುವವರು ಮೊದಲು ಕೇಳಬೇಕಾದದ್ದು ಸಂಗೀತದ ಅಂಗಡಿಯವರನ್ನಲ್ಲ, ವರ್ಷವಿಡೀ ಸ್ಯಾಕ್ಸೋಫೋನ್ ನುಡಿಸಿ ಬದುಕುವವರನ್ನು. ತಮ್ಮ ವಾದ್ಯ ಯಾರ ಕೈಯಲ್ಲಿ ಸರಿಹೋಯಿತು ಎಂಬುದು ಅವರಿಗೆ ಗೊತ್ತು.

ಒಂದು ಎಚ್ಚರ ಮಾತ್ರ ಬೇಕು. ಸ್ಯಾಕ್ಸೋಫೋನಿನ ಮೈ ಹಿತ್ತಾಳೆ, ಪ್ಯಾಡು ದೊಡ್ಡ ಚರ್ಮದ್ದು. ಕ್ಲಾರಿನೆಟ್ಟಿನ ಪ್ಯಾಡು ಉಣ್ಣೆಯ ಫೆಲ್ಟಿನ ಮೇಲೆ ತೆಳು ಪೊರೆ ಹೊದಿಸಿದ ಪುಟ್ಟ ಬಿಲ್ಲೆ. ಒಳ್ಳೆಯ ವಾದ್ಯದ ಮೈ ಆಫ್ರಿಕಾದ ಕರಿಮರದ್ದು, ನಮ್ಮ ಘಟ್ಟದ ಬೀಟೆಯ ಕುಲದ್ದೇ, ನೀರಿನಲ್ಲಿ ಮುಳುಗುವಷ್ಟು ಭಾರದ್ದು. ಕಡಿಮೆ ಬೆಲೆಯವು ಪ್ಲಾಸ್ಟಿಕ್ಕಿನವು. ಎರಡರಲ್ಲೂ ಪ್ಯಾಡು ಕೂರಿಸುವುದು ಅರಗನ್ನು ಕಾಯಿಸಿಯೇ. ಕೀಯನ್ನು ಬಿಚ್ಚದೆ ಜ್ವಾಲೆ ಹಿಡಿದರೆ ಮರ ಸುಡುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. "ಮರದ ವಾದ್ಯಕ್ಕೆ ಶಾಖ ಹೇಗೆ ಕೊಡುತ್ತೀರಿ?" ಎಂದು ಕೇಳಿ. ಪಳಗಿದವರು ಸಂಕೋಚವಿಲ್ಲದೆ ವಿವರಿಸುತ್ತಾರೆ. ಮುಚ್ಚಿದ ಪ್ಯಾಡಿನ ಕೆಳಗೆ ಸಿಗರೇಟು ಸುತ್ತುವ ತೆಳು ಕಾಗದದ ಪಟ್ಟಿ ಇಟ್ಟು ಎಲ್ಲ ದಿಕ್ಕಿನಿಂದ ಎಳೆದು ನೋಡುವುದು ಅವರ ಅಭ್ಯಾಸ, ಹಿಡಿತ ಎಲ್ಲೆಡೆ ಒಂದೇ ಇರಬೇಕು. ಅದನ್ನೂ ಹಗುರ ಬೆರಳಿನಿಂದಲೇ ಮಾಡಬೇಕು, ಬಲವಾಗಿ ಒತ್ತಿದರೆ ಕೆಟ್ಟ ಪ್ಯಾಡೂ ಮುಚ್ಚಿಕೊಳ್ಳುತ್ತದೆ. ಕೀಗಳಿಗೆ ಪಾಲಿಶ್ ಹಾಕುವ ಮಾತನ್ನೇ ಮೊದಲು ಎತ್ತುವವರ ಕೈಗೆ ನಾನಾದರೆ ವಾದ್ಯ ಕೊಡುವುದಿಲ್ಲ.

ಕರಾವಳಿಯ ಗಾಳಿ ಈ ಯಂತ್ರಕ್ಕೆ ಕಠಿಣ. ಮಳೆಗಾಲದ ಮುಂಚಿನ ಪತ್ತನಾಜೆ ಕಳೆದು ದೀಪಾವಳಿಯವರೆಗೆ ಕೋಲ, ಉತ್ಸವಗಳಿಲ್ಲದೆ ವಾದ್ಯ ಪೆಟ್ಟಿಗೆ ಸೇರುತ್ತದೆ. ಮಳೆಗಾಲದ ಆಟಿ ತಿಂಗಳ ತೇವಕ್ಕೆ ಪ್ಯಾಡಿನ ಫೆಲ್ಟು ಉಬ್ಬುತ್ತದೆ, ಪೊರೆಗೆ ಬೂಷ್ಟು ಹಿಡಿಯುತ್ತದೆ. ಸೂಜಿಯಂಥ ಉಕ್ಕಿನ ಸ್ಪ್ರಿಂಗುಗಳನ್ನು ಕಾಪುವಿನ ಕಡಲಂಚಿನ ಉಪ್ಪು ತಿನ್ನುತ್ತದೆ. ಮಣಿಪಾಲದ ಎ.ಸಿ. ಕೋಣೆಯ ಒಣಗಾಳಿಯಲ್ಲಿ ಬೇರೆಯದೇ ಅಪಾಯ: ಬಿಸಿ, ತೇವದ ಉಸಿರಿಗೆ ಮರದ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗದೆ ಬಿರುಕು ಬಿಡುತ್ತದೆ. ಕೆಲಸವಿಲ್ಲದ ಮಳೆಗಾಲದಲ್ಲೇ ಓವರ್‌ಹಾಲ್ ಮಾಡಿಸುವುದು ಅನುಕೂಲ. ಆದರೆ ಜನವರಿಯಲ್ಲಿ ಅತ್ತೂರು ಜಾತ್ರೆ ಕಳೆದ ಮೇಲೆ, ಮರ ಒಣಗಿ ಕುಗ್ಗಿದಾಗ, ಅದೇ ಕೈಗೆ ಮತ್ತೊಮ್ಮೆ ತೋರಿಸಬೇಕು.

ಎಷ್ಟೇ ಕುಶಲರಾದರೂ ಸರಿಪಡಿಸಲಾಗದ್ದೂ ಒಂದಿದೆ. ಬ್ರಿಟಿಷ್ ಸೇನಾ ಬ್ಯಾಂಡುಗಳ ಕಾಲದ ಕೆಲವು ವಾದ್ಯಗಳ ಶ್ರುತಿ ಇಂದಿನ 440 ಹರ್ಟ್ಸ್ ಅಲ್ಲ, ಸುಮಾರು 452. ಅವು ಉದ್ದದಲ್ಲಿ ತುಸು ಗಿಡ್ಡ, ಕೆಲವುಗಳ ಮೇಲೆ 'ಎಚ್‌ಪಿ' ಎಂಬ ಮುದ್ರೆಯಿರುತ್ತದೆ. ತುಂಡುಗಳನ್ನು ಹೊರಕ್ಕೆಳೆದು ಕೂಡಿಸಿದರೆ ಒಂದು ಸ್ವರ ಸರಿಯಾಗಿ ಇನ್ನೊಂದು ಕೆಡುತ್ತದೆ. ಇಂಥದ್ದರ ಓವರ್‌ಹಾಲಿಗೆ ಹಣ ಸುರಿಯಬಾರದು.

ಹತ್ತಿರದಲ್ಲಿ ತಕ್ಕ ಕೈ ಸಿಗದಿದ್ದರೆ ಮೈಸೂರು, ಬೆಂಗಳೂರಿನ ಪೊಲೀಸ್ ಮತ್ತು ಸೇನಾ ಬ್ಯಾಂಡುಗಳಲ್ಲಿ ನುಡಿಸಿದವರನ್ನು ವಿಚಾರಿಸಬಹುದು. ದೂರದಿಂದ ಮರಳಿ ಬಂದ ವಾದ್ಯದಲ್ಲಿ ಎರಡು ತುಂಡುಗಳ ನಡುವಿನ ಸೇತುವೆ ಕೀಯನ್ನು ಮೊದಲು ನೋಡಿ. ಪ್ರಯಾಣದಲ್ಲಿ ಅದು ತುಸು ಬಾಗಿದ್ದರೂ ಮೇಲಿನ ಪ್ಯಾಡು ಪೂರ್ತಿ ಮುಚ್ಚುವುದಿಲ್ಲ. ತುಂಡುಗಳನ್ನು ಕೂಡಿಸುವಾಗ ಮೇಲಿನ ಉಂಗುರವನ್ನು ಒತ್ತಿ ಹಿಡಿದು ಸೇತುವೆಯನ್ನು ಎತ್ತಿಕೊಂಡೇ ತಿರುಗಿಸಬೇಕು.