ಬಿದಿರು ಕತ್ತಿಯ ಎಣ್ಣೆಯೂ ಆಯುಸ್ಸೂ

ಜಪಾನಿನ ಕತ್ತಿವರಸೆಯಾದ ಕೆಂಡೊ ಕಲಿಯಲು ಸೇರಿದವರಿಗೆ ಶುರುವಿನಲ್ಲೇ ಸಿಗುವ ಬುದ್ಧಿಮಾತೊಂದಿದೆ: ಹೊಸ ಶಿನಾಯ್ ತಂದರೆ ಮೊದಲು ಬಿಚ್ಚಿ ಎಣ್ಣೆ ಹಚ್ಚಿ, ಆಮೇಲೆ ಕೈಗೆತ್ತಿಕೊಳ್ಳಿ. ಶಿನಾಯ್ ಎಂದರೆ ಅಭ್ಯಾಸದ ಬಿದಿರು ಕತ್ತಿ. ನಾಲ್ಕು ಬಿದಿರು ದಬ್ಬೆಗಳು, ತುದಿಗೊಂದು ತೊಗಲಿನ ಟೊಪ್ಪಿಗೆ, ಹಿಡಿಗೊಂದು ತೊಗಲಿನ ಗವಸು, ಎರಡನ್ನೂ ಎಳೆದು ಬಿಗಿದ ದಾರ, ತುದಿಯಿಂದ ಸುಮಾರು ಕಾಲು ಭಾಗ ಕೆಳಗೆ ಸುತ್ತಿದ ತೊಗಲಿನ ಕಟ್ಟು, ಹಿಡಿಯೊಳಗೆ ದಬ್ಬೆಗಳು ಜಾರದಂತೆ ತಡೆಯುವ ಪುಟ್ಟ ಲೋಹದ ಬಿಲ್ಲೆ. ಅಂಟಿಲ್ಲ, ಮೊಳೆಯಿಲ್ಲ. ಎಣ್ಣೆ ಕುಡಿದ ಬಿದಿರು ಸುಲಭಕ್ಕೆ ಸೀಳುವುದಿಲ್ಲ ಎಂಬ ನಂಬಿಕೆ ಕೆಂಡೊ ಬಲ್ಲವರಲ್ಲಿ ಬಹಳ ಗಟ್ಟಿಯಾಗಿದೆ. ಅದು ಅರೆ ನಿಜ ಎಂಬುದು ನನ್ನ ವಾದ. ಶಿನಾಯ್‌ನ ಆಯುಸ್ಸನ್ನೂ ಎದುರು ನಿಂತವರ ಕಣ್ಣನ್ನೂ ಕಾಯುತ್ತಿರುವುದು ಎಣ್ಣೆಯ ನೆಪದಲ್ಲಿ ನಡೆಯುವ ಬೇರೊಂದು ಕೆಲಸ.

ಅದನ್ನು ಅರಿಯಲು ಶಿನಾಯ್ ಈ ರೂಪಕ್ಕೆ ಬಂದ ದಾರಿಯನ್ನು ನೋಡಬೇಕು. 16ನೇ ಶತಮಾನದ ಜಪಾನಿನಲ್ಲಿ ಮರದ ಕತ್ತಿಯಿಂದ ಅಭ್ಯಾಸ ಮಾಡುವಾಗ ಮೂಳೆ ಮುರಿಯುತ್ತಿತ್ತು, ಜೀವವೂ ಹೋಗುತ್ತಿತ್ತು. ಶಿಂಕಾಗೆ ಎಂಬ ಕತ್ತಿವರಸೆ ಪರಂಪರೆಯ ಕಾಮಿಇಜುಮಿ ನೊಬುತ್ಸುನ ಬಳಕೆಗೆ ತಂದನೆನ್ನಲಾದ ಉಪಾಯ ಇದು: ಬಿದಿರನ್ನು ಹಲವು ಎಳೆಗಳಾಗಿ ಸೀಳಿ ತೊಗಲಿನ ಚೀಲದೊಳಗೆ ಸೇರಿಸುವುದು. ಯಾಗ್ಯು ಶಿಂಕಾಗೆ ಪರಂಪರೆಯವರು ಇವತ್ತಿಗೂ ಅದನ್ನೇ ಹಿಡಿಯುತ್ತಾರೆ. ಆ ಚೀಲದೊಳಗೆ ಬಿದಿರು ಸಿಬಿರೆದ್ದರೂ ಹೊರಗಿನವರಿಗೆ ಚುಚ್ಚುವುದಿಲ್ಲ. 18ನೇ ಶತಮಾನದಲ್ಲಿ ಚಿತ್ರ ಬದಲಾಯಿತು. ಮೊದಲು ಜಿಕಿಶಿಂಕಾಗೆ ಪರಂಪರೆಯ ನಾಗನುಮ ಕುನಿಸಾತೊ, ಆಮೇಲೆ ಇತ್ತೊ ಪರಂಪರೆಯ ನಾಕನಿಶಿ ತ್ಸುಗುತಾಕೆ ಮುಖವಾಡ, ಕೈಗವಸು, ಎದೆಕಾಪುಗಳನ್ನು ತಿದ್ದಿ ಸುಧಾರಿಸಿ, ಪೂರ್ತಿ ಬಲದಿಂದ ಹೊಡೆಯುವ ಅಭ್ಯಾಸಕ್ಕೆ ದಾರಿ ಮಾಡಿದರು. ಮೈಗೆ ಕಾಪು ಬಂದ ಮೇಲೆ ಕತ್ತಿಗೆ ಮೆತ್ತನೆಯ ಚೀಲ ಬೇಕಿರಲಿಲ್ಲ. ಚೀಲ ಕಳಚಿತು, ಹಲವು ಎಳೆಗಳ ಜಾಗದಲ್ಲಿ ನಾಲ್ಕು ಗಟ್ಟಿ ದಬ್ಬೆಗಳು ನಿಂತವು. 19ನೇ ಶತಮಾನದಲ್ಲಿ ಯಾನಗಾವದ ಓಇಶಿ ಸುಸುಮು ಐದು ಶಾಕು ಮೀರಿದ, ಅಂದರೆ ಒಂದೂವರೆ ಮೀಟರ್ ದಾಟಿದ ಶಿನಾಯ್ ಹಿಡಿದು ಎಡೊ ನಗರದ ಗರಡಿಗಳನ್ನು ತಲ್ಲಣಗೊಳಿಸಿದ. 1856ರಲ್ಲಿ ಶುರುವಾದ ಸರ್ಕಾರಿ ಶಾಲೆ ಕೊಬುಶೊ, ಉದ್ದಕ್ಕೆ 3 ಶಾಕು 8 ಸುನ್ (ಶಾಕುವಿನ ಹತ್ತನೇ ಒಂದು ಪಾಲು ಸುನ್) ಎಂಬ ಮಿತಿ ಹಾಕಿತು. ಇಂದಿನ ವಯಸ್ಕರ ಶಿನಾಯ್ 120 ಸೆಂಟಿಮೀಟರ್ ದಾಟುವಂತಿಲ್ಲ. ಗಂಡಸರದು ಹಿಡಿಗೆ ತೊಡಿಸುವ ಕೈಕಾಪಿನ ಬಿಲ್ಲೆ ಬಿಟ್ಟು ಕನಿಷ್ಠ 510 ಗ್ರಾಂ, ಹೆಂಗಸರದು 440 ಗ್ರಾಂ ತೂಗಬೇಕು. ಈ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಚೀಲ ಕಳಚಿದ ಗಳಿಗೆ. ಅಲ್ಲಿಯವರೆಗೆ ತೊಗಲು ಮಾಡುತ್ತಿದ್ದ ಕಾವಲನ್ನು ಅಲ್ಲಿಂದಾಚೆ ಹಿಡಿದವನೇ ಮಾಡಬೇಕಾಯಿತು.

ಇನ್ನು ಬಿದಿರಿನ ವಿಷಯ. ಜಪಾನಿನ ಶಿನಾಯ್‌ಗೆ ಹೆಸರಾದದ್ದು ಮದಾಕೆ ಎಂಬ ಬಿದಿರು. ಹೂ ಬಿಟ್ಟ ಬಿದಿರು ಮೆಳೆ ಮೆಳೆಯಾಗಿ ಒಣಗುವುದನ್ನು ನಮ್ಮ ಮಲೆನಾಡಿನವರು ಬಲ್ಲರು. ಮದಾಕೆಗೂ ಅದೇ ಗುಣ. ಸುಮಾರು 120 ವರ್ಷಕ್ಕೊಮ್ಮೆ ಹೂ ಬಿಡುವ ಅದು 1960ರ ದಶಕದಲ್ಲಿ ಜಪಾನಿನ ಉದ್ದಗಲಕ್ಕೂ ಹೂ ಬಿಟ್ಟು ಒಣಗಿತು. ಈಗ ಮಾರುಕಟ್ಟೆಯಲ್ಲಿ ಸಿಗುವ ಶಿನಾಯ್‌ಗಳಲ್ಲಿ ಹೆಚ್ಚಿನವು ತೈವಾನ್, ಚೀನಾಗಳ ಕಡೆಯ ಬಿದಿರಿನವು. ಯಾವ ಜಾತಿಯಾದರೂ ಕಡಿಯುವುದು ಪಿಷ್ಟ ಕಡಿಮೆಯಿರುವ ಚಳಿಗಾಲದ ಸುಮಾರಿಗೆ. ಪಿಷ್ಟ ತುಂಬಿದ ಬಿದಿರಿಗೆ ಕುಟ್ಟೆ ಬೇಗ ಬೀಳುತ್ತದೆ. ಜಪಾನಿನಲ್ಲಿ ಹಸಿ ಬಿದಿರನ್ನು ಹದ ಮಾಡುವಾಗ ಬೆಂಕಿಗೆ ಹಿಡಿದು, ಮೇಲಕ್ಕೆ ಒಸರುವ ಎಣ್ಣೆ-ಮೇಣವನ್ನು ಒರೆಸಿ ತೆಗೆಯುವ ಪದ್ಧತಿ ಹಳೆಯದು. ಕುಶಲಕರ್ಮಿ ಬೇಕೆಂದೇ ಎಣ್ಣೆ ತೆಗೆಯುತ್ತಾನೆ, ಕೊಂಡವನು ಮತ್ತೆ ಎಣ್ಣೆ ಹಚ್ಚುತ್ತಾನೆ! ಹಚ್ಚಿದ್ದು ಎಷ್ಟು ಒಳಗೆ ಹೋಗುತ್ತದೆ ಎಂಬುದಕ್ಕೆ ಬಿದಿರಿನ ಒಳರಚನೆಯೇ ಉತ್ತರ ಕೊಡುತ್ತದೆ. ಬಿದಿರಿನಲ್ಲಿ ಸುಮಾರು ಅರ್ಧದಷ್ಟು ಮೆತ್ತನೆಯ ಕೋಶಗಳು, ಶೇಕಡಾ 40 ನಾರು, ಉಳಿದ ಶೇಕಡಾ 10 ಸಾಗಣೆಯ ನಾಳಗಳು. ನಾರು ದಟ್ಟವಾಗಿರುವುದು ಹೊರಮೈಯ ಕಡೆಗೆ, ಆ ಹೊರಮೈ ಮೇಲೆ ಸಿಲಿಕಾ ಮತ್ತು ಮೇಣ ತುಂಬಿದ ತೊಗಟೆ. ಮರಕ್ಕಿರುವಂತೆ ತಿರುಳಿನಿಂದ ತೊಗಟೆಯತ್ತ ಅಡ್ಡಲಾಗಿ ಹಾಯುವ ಕೋಶಗಳ ಸಾಲು ಬಿದಿರಿಗಿಲ್ಲ. ದ್ರವ ಒಳಗೆ ಹೋಗಬೇಕಾದರೆ ಕತ್ತರಿಸಿದ ತುದಿಗಳಿಂದ ನಾಳದ ಉದ್ದಕ್ಕೆ ಹೋಗಬೇಕು, ಇಲ್ಲವೇ ಒಳಮೈಯಿಂದ ಅಷ್ಟಿಷ್ಟು ಇಂಗಬೇಕು. ಹೊಳೆಯುವ ಹೊರಮೈಯನ್ನು ಬಟ್ಟೆಯಿಂದ ಎಷ್ಟು ತಿಕ್ಕಿದರೂ ಹೊಳಪು ಹೆಚ್ಚುತ್ತದೆ, ಅಷ್ಟೆ.

ಶಿನಾಯ್ ಹಾಳಾಗುವ ಬಗೆ ಹೀಗಿದೆ. ದಾರವಿರುವ ಬದಿ ಕತ್ತಿಯ ಬೆನ್ನು. ಅದಕ್ಕೆ ಎದುರಿನ ದಬ್ಬೆ ಮುಖವಾಡದ ಮೇಲೆ ಬೀಳುತ್ತದೆ, ಅಕ್ಕಪಕ್ಕದ ದಬ್ಬೆಗಳು ಎದುರಾಳಿಯ ಶಿನಾಯ್‌ಗೆ ಉಜ್ಜುತ್ತವೆ. ತೊಗಲಿನ ಕಟ್ಟಿನಿಂದ ತುದಿಯವರೆಗಿನ ಭಾಗದಲ್ಲಿ ದಬ್ಬೆಗಳ ಚೂಪು ಅಂಚು ಒಂದಕ್ಕೊಂದು ಬಡಿದು ನಾರು ಬಿಡಿಸಿಕೊಳ್ಳುತ್ತದೆ, ಸಿಬಿರೇಳುತ್ತದೆ. ಸಿಬಿರನ್ನು ಬಿಟ್ಟರೆ ಅದು ನಾರಿನ ಗುಂಟ ಓಡಿ ಸೀಳಾಗುತ್ತದೆ. ಸೀಳಿದ ದಬ್ಬೆ ಏಟಿನ ರಭಸದಲ್ಲಿ ಹೊರಚಾಚಿದರೆ, ಮುಖವಾಡದ ಕಂಬಿಗಳ ಸಂದಿನಲ್ಲಿ ನೇರ ಕಣ್ಣಿಗೆ ದಾರಿಯಿದೆ. ಇದಕ್ಕೆ ಮದ್ದು ಸರಳ: ಬಿಚ್ಚಿ, ಅಂಚನ್ನು ಚಾಕುವಿನಿಂದಲೋ ಗಾಜಿನ ಚೂರಿನಿಂದಲೋ ಹೆರೆದು, ಉಜ್ಜುಕಾಗದದಿಂದ ದುಂಡಗೆ ಮಾಡುವುದು, ಮತ್ತೆ ಜೋಡಿಸುವಾಗ ಏಟು ತಿಂದ ದಬ್ಬೆಯನ್ನು ಪಕ್ಕಕ್ಕೆ ಸರಿಸಿ ಬೇರೊಂದನ್ನು ಮುಂದಕ್ಕೆ ತರುವುದು, ಸಡಿಲವಾದ ದಾರವನ್ನೂ ಕಟ್ಟನ್ನೂ ಬಿಗಿಯುವುದು. ಎಣ್ಣೆ ಹಚ್ಚಬೇಕೆಂದರೆ ಬಿಚ್ಚಲೇಬೇಕು, ಬಿಚ್ಚಿದರೆ ಒಂದೊಂದು ದಬ್ಬೆಯೂ ಕೈಗೆ ಸಿಗುತ್ತದೆ, ಬೆರಳಿಗೆ ಸಿಬಿರು ತಾಗುತ್ತದೆ. ಎಣ್ಣೆಗೆ ಸಂದ ಕೀರ್ತಿಯಲ್ಲಿ ದೊಡ್ಡ ಪಾಲು ಈ ಕೆಲಸಕ್ಕೆ ಸಲ್ಲಬೇಕು.

ಎಣ್ಣೆ ಹಚ್ಚಿದ ಶಿನಾಯ್ ಹೆಚ್ಚು ದಿನ ಬಾಳಿದ್ದನ್ನು ಕಣ್ಣಾರೆ ಕಂಡಿದ್ದೇವೆ ಎಂದು ಅನುಭವಿಗಳು ಹೇಳಬಹುದು. ಅವರು ಕಂಡದ್ದು ಸುಳ್ಳಲ್ಲ. ಆದರೆ ತಪ್ಪದೆ ಎಣ್ಣೆ ಹಚ್ಚುವವರೇ ತಪ್ಪದೆ ಸಿಬಿರು ಹೆರೆಯುವವರೂ ಆಗಿರುತ್ತಾರೆ. ಫಲ ಯಾವುದರದ್ದು ಎಂದು ಬೇರ್ಪಡಿಸುವುದು ಕಷ್ಟ. ಒಣಹವೆಯ ವಾದ ಇದಕ್ಕಿಂತ ಬಲವಾದದ್ದು. ಬಿದಿರು ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಟೋಕಿಯೊದ ಚಳಿಗಾಲದಲ್ಲಿ, ಕೆಂಡೊ ಕಲಿಯುವವರಿರುವ ನಮ್ಮ ಬೆಂಗಳೂರಿನ ಫೆಬ್ರವರಿ-ಮಾರ್ಚ್‌ನಲ್ಲಿ, ತೇವ ಬೇಗ ಆರಿ ದಬ್ಬೆ ಬಿರುಸಾಗುತ್ತದೆ. ಒಳಮೈಗೂ ತುದಿಗಳಿಗೂ ಹಚ್ಚಿದ ಎಣ್ಣೆ ಆ ಆರುವಿಕೆಯನ್ನು ನಿಧಾನಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದ್ದರಿಂದ ಹಚ್ಚುವುದಾದರೆ ಅಲ್ಲಿಗೆ, ತೆಳ್ಳಗೆ ಹಚ್ಚಬೇಕು. ಕಮೆಲಿಯಾ ಬೀಜದ ಎಣ್ಣೆ ಒಣಗುವುದಿಲ್ಲ, ಹೆಚ್ಚಾದರೆ ಜಿಡ್ಡಾಗಿ ತೊಗಲಿಗೂ ಎದುರಾಳಿಯ ಬಟ್ಟೆಗೂ ಅಂಟುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪೊರೆ ಕಟ್ಟುತ್ತದೆ, ಆದರೆ ಅದರಲ್ಲಿ ನೆನೆದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಅದ್ದಿಡಬೇಕು.

ಇಷ್ಟೆಲ್ಲ ಯಾಕೆ, ಕಾರ್ಬನ್ ಶಿನಾಯ್ ಇದೆಯಲ್ಲ ಎಂಬ ಮಾತೂ ಬರುತ್ತದೆ. 1980ರ ದಶಕದಲ್ಲಿ ಬಂದ ಅದು ದುಬಾರಿಯಾದರೂ ಬಿದಿರಿಗಿಂತ ಬಹುಕಾಲ ಬಾಳುತ್ತದೆ, ಎಣ್ಣೆ ಕೇಳುವುದಿಲ್ಲ. ಹಾಗೆಂದು ನೋಡದೆ ಬಳಸುವಂತಿಲ್ಲ. ಮೇಲ್ಪದರ ಬಿರಿದು ಒಳಗಿನ ಕಪ್ಪು ನಾರು ಕಂಡರೆ ಅದನ್ನು ಪಕ್ಕಕ್ಕಿಡಬೇಕು. ವಸ್ತು ಬದಲಾದರೂ ತಪಾಸಣೆ ತಪ್ಪಲಿಲ್ಲ. ಎಣ್ಣೆ ಮಾತ್ರ ಬಿಟ್ಟುಹೋಯಿತು.

ಹಾಗಾಗಿ ಕೆಂಡೊ ಕಲಿಯುವವರಲ್ಲಿ, ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟು: ಎಣ್ಣೆ ಬಾಟಲಿ ಖಾಲಿಯಾದರೆ ಚಿಂತೆ ಬೇಡ, ಪ್ರತಿ ಅಭ್ಯಾಸಕ್ಕೂ ಮುಂಚೆ ನಾಲ್ಕೂ ದಬ್ಬೆಗಳನ್ನು ಸವರಿ ನೋಡಿ. ಸೀಳು ಕಂಡ ದಬ್ಬೆಯನ್ನು ಅಂಟು ಹಾಕಿಯೋ ಟೇಪು ಸುತ್ತಿಯೋ ಉಳಿಸಿಕೊಳ್ಳಬೇಡಿ. ಅದನ್ನು ತೆಗೆದುಹಾಕಿ, ಉಳಿದ ಮೂರನ್ನು ಮುಂದಿನ ಜೋಡಣೆಗೆ ಎತ್ತಿಡಿ.